ಆ ಭಾನುವಾರ ಶಂಕರಣ್ಣ ನಮ್ಮ ಕಡೆ ಬರಲಿಲ್ಲ

ವಿಜಯಪುರಕ್ಕೆ ಬಂದರೆ ಸೊಲ್ಲಾಪುರ ರಸ್ತೆಯ ಬದಿಗೆ ಅರ್ಧ ತಾಸು ಸುಮ್ಮನೆ ನಿಂತುಬಿಡಿ. ಹೋಗುವ ಬರುವ ಆಟೋಗಳ ಬೆನ್ನು ನೋಡಿ. ದೇವರಿದ್ದಾರೆ, ಅಪ್ಪು ಇದ್ದಾರೆ, ಸಾಲ ಕೊಟ್ಟ ಬ್ಯಾಂಕಿನ ಹೆಸರೂ ಇದೆ. ಇವರೆಲ್ಲರ ನಡುವೆ ಖಾಕಿ ಅಂಗಿಯ ಒಬ್ಬ ಮನುಷ್ಯ, ಕಣ್ಣಲ್ಲೇ ನಗುತ್ತ, ಇಂದಿಗೂ ಸವಾರಿ ಹೊರಟಿದ್ದಾನೆ. ಶಂಕರ್ ನಾಗ್! ತೀರಿಕೊಂಡು ಮೂವತ್ತು ವರ್ಷ ಎಂದೋ ದಾಟಿತು. ನಾನು ಹುಟ್ಟುವ ಮೊದಲೇ ಹೋದವರು. ಆದರೂ ನನಗೆ ಅವರು ಮನೆಯವರೇ. ಯಾಕೆಂದರೆ ಆ ಆಟೋಗಳಲ್ಲೊಂದು ನಮ್ಮಪ್ಪನದು.

ಪಿಯುಸಿ ಅರ್ಧಕ್ಕೆ ಬಿಟ್ಟು ‘ಸಿನಿಮಾ ಬಗ್ಗೆ ಬರೀತೀನಿ’ ಎಂದು ಹೇಳಿದ ದಿನ ಅಪ್ಪ ಬೈಯಲಿಲ್ಲ. ರಟ್ಟೆ ಹಿಡಿದು ಆಟೋದ ಹಿಂದಕ್ಕೆ ಕರಕೊಂಡು ಹೋಗಿ ಆ ಫೋಟೊ ತೋರಿಸಿದ.

“ಇಂವಾ ಎಷ್ಟ ದುಡದಾನ ಗೊತ್ತೈತೇನೋ ತಮ್ಮಾ? ಹಂಗ ದುಡೀತಿದ್ದರ ಬರಿ. ಬರೇ ಇವನ ಹಂಗ ಕೂದಲಾ ಬಿಡಾಕ ಕಾಲೇಜ ಬಿಟ್ಟಿದ್ದರ ನಾಳೆ ಮತ್ತ ಕಾಲೇಜಿಗೆ ನಡಿ.”

ನಿಜ ಹೇಳಲಾ? ನಾನು ಬಿಟ್ಟಿದ್ದು ಕೂದಲಿಗಾಗಿಯೇ! ಆದರೆ ಅಪ್ಪನ ಆ ಮಾತು ಚುಚ್ಚಿತು. ಒಂದು ನೋಟ್‌ಬುಕ್ ತಂದು ಲೆಕ್ಕ ಬರೆಯತೊಡಗಿದೆ.

1954ರ ನವೆಂಬರ್ 9ಕ್ಕೆ ಹುಟ್ಟಿದ, ಹೊನ್ನಾವರದ ಕಡೆಯ ಹುಡುಗ. ಬೊಂಬಾಯಿಗೆ ಹೋಗಿ ಮರಾಠಿ ನಾಟಕದ ರುಚಿ ಹಚ್ಚಿಕೊಂಡ. ಗಿರೀಶ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ಚಿತ್ರಕ್ಕೆ ಕರೆದಾಗ ಬಂದು ಕತ್ತಿ ಹಿಡಿದ. 1978ರ ಆ ಮೊದಲ ಚಿತ್ರಕ್ಕೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ! 1980ರಲ್ಲಿ ‘ಮಿಂಚಿನ ಓಟ’ ಚಿತ್ರದಿಂದ ನಿರ್ದೇಶಕನೂ ಆದ. ಅಣ್ಣ ಅನಂತನಾಗ್, ತಾನು, ಲೋಕನಾಥ್ ಮೂವರೂ ಕಾರು ಕಳ್ಳರು! ಅದೇ ವರ್ಷ ‘ಆಟೋ ರಾಜ’. (ಅದರ ನಾಯಕಿ ಗಾಯತ್ರಿ ಮುಂದೆ ಅನಂತನಾಗ್ ಅವರ ಕೈಹಿಡಿದು ಶಂಕರ್‌ಗೆ ಅತ್ತಿಗೆಯಾದರು. ಚಿತ್ರರಂಗದ ಲೀಲೆ ನೋಡಿ!) ಅದೇ ವರ್ಷವೇ ನಾಟಕದ ಗೆಳತಿ ಅರುಂಧತಿಯವರ ಜೊತೆ ಮದುವೆ.

ಮದುವೆಯಾದ ಮೇಲೆ ಮನುಷ್ಯ ನಿಧಾನ ಆಗಬೇಕಲ್ಲ? ಆಗಲೇ ಇಲ್ಲ. ಗಂಡ ಹೆಂಡತಿ ಸೇರಿ ‘ಸಂಕೇತ್’ ತಂಡದಲ್ಲಿ ನಾಟಕ ಆಡಿಸಿದರು. ಬೆಂಗಳೂರಿನಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದರು. ಆರ್.ಕೆ. ನಾರಾಯಣರ ಕಥೆಗಳನ್ನು ಆಗುಂಬೆಗೆ ಹೊತ್ತೊಯ್ದು ‘ಮಾಲ್ಗುಡಿ ಡೇಸ್’ ಮಾಡಿದರು. 1987ರಲ್ಲಿ ಡಾ. ರಾಜಕುಮಾರರನ್ನು ‘ಒಂದು ಮುತ್ತಿನ ಕಥೆ’ಗಾಗಿ ಸಮುದ್ರಕ್ಕಿಳಿಸಿದರು. 1989ರಲ್ಲಿ ಕಾರ್ನಾಡರ ‘ನಾಗಮಂಡಲ’ವನ್ನು ರಂಗಕ್ಕೆ ತಂದರು. ನಡುವೆ ಬೆಂಗಳೂರಿಗೆ ಮೆಟ್ರೊ ರೈಲು ಬೇಕು, ನಂದಿಬೆಟ್ಟಕ್ಕೆ ರೋಪ್‌ವೇ ಬೇಕು ಎಂದು ಸರಕಾರದ ಬಾಗಿಲು ಬೇರೆ ಬಡಿದರು. ಇಷ್ಟರ ಜೊತೆಗೆ ನಟನಾಗಿ ಎಂಬತ್ತಕ್ಕೂ ಹೆಚ್ಚು ಚಿತ್ರ. ಎಲ್ಲ ಬರೀ ಹನ್ನೆರಡು ವರ್ಷದಲ್ಲಿ! ಬರೆದು ಬರೆದು ನನ್ನ ಕೈ ನೋವು ಬಂತು.

ಆ ಎಂಬತ್ತೂ ಚಿನ್ನ ಎಂದು ನಾನು ಹೇಳುವುದಿಲ್ಲ. ಅಭಿಮಾನಿಗಳು ಬೈದರೂ ಸರಿ. ಎಷ್ಟೋ ಚಿತ್ರಗಳಲ್ಲಿ ಕಥೆಯೇ ಇಲ್ಲ, ಗುದ್ದು ಇದೆ, ಹಾಡಿದೆ, ಮತ್ತೆ ಗುದ್ದು ಇದೆ. ಆ ಗುದ್ದಿನ ದುಡ್ಡೇ ನಾಟಕಕ್ಕೂ ಸ್ಟುಡಿಯೋಕ್ಕೂ ಆಸರೆಯಾಯಿತು ಎನ್ನುವುದು ನನ್ನ ಲೆಕ್ಕ. ನಮ್ಮಪ್ಪ ಹಗಲೆಲ್ಲ ಹೊಗೆ ಕುಡಿದು ತಂಗಿಯ ಫೀ ಕಟ್ಟಿದ ಹಾಗೆ. ದುಡಿಯುವ ಗಂಡಸಿನ ಎಲ್ಲ ಕೆಲಸವೂ ಚಂದ ಇರುವುದಿಲ್ಲ.

ಚಂದ ಇದ್ದದ್ದು 1985ರ ‘ಆಕ್ಸಿಡೆಂಟ್’. ದೊಡ್ಡವರ ಮಗ ಅಮಲಿನಲ್ಲಿ ಕಾರು ಓಡಿಸಿ ಫುಟ್‌ಪಾತಿನಲ್ಲಿ ಮಲಗಿದ ಬಡವರ ಮೇಲೆ ಹರಿಸುತ್ತಾನೆ. ಅದರ ಬೆನ್ನು ಹತ್ತುವ ಪತ್ರಕರ್ತನ ಪಾತ್ರ ಸ್ವತಃ ಶಂಕರ್ ನಾಗ್‌ರದು. ನಾನು ಅದನ್ನು ನೋಡಿದ್ದು ರಾತ್ರಿ ಒಂದು ಗಂಟೆಗೆ, ಮೊಬೈಲಿನ ಗೇಣುದ್ದ ಪರದೆಯಲ್ಲಿ. ಅಂದು ಮೊದಲ ಬಾರಿಗೆ, ಬರೆಯೋದು ಅಂದರೆ ಹೀರೋನ ಹುಟ್ಟುಹಬ್ಬದ ಸುದ್ದಿ ಕಳಿಸೋದು ಮಾತ್ರ ಅಲ್ಲಪ್ಪಾ ಅನಿಸಿತು.

ರಸ್ತೆಯ ಸಾವಿನ ಮೇಲೆ ಅಂಥ ಚಿತ್ರ ತೆಗೆದವನನ್ನು ರಸ್ತೆಯೇ ತಿಂದಿತು. 1990ರ ಸೆಪ್ಟೆಂಬರ್ 30, ಭಾನುವಾರ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕ ಸಿನಿಮಾ ಆಗುವುದಿತ್ತು. ಆ ಕೆಲಸಕ್ಕೆಂದು ಬೆಂಗಳೂರು ಬಿಟ್ಟು ನಮ್ಮ ಉತ್ತರ ಕರ್ನಾಟಕದ ಕಡೆಗೇ ಬರುತ್ತಿದ್ದರು. ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಎಲ್ಲ ಮುಗಿಯಿತು. ಮೂವತ್ತಾರು ತುಂಬಲು ಇನ್ನೂ ನಲವತ್ತು ದಿನ ಇತ್ತು. ಕಾರಿನಲ್ಲಿ ಅರುಂಧತಿ ಇದ್ದರು, ಸಣ್ಣ ಮಗಳು ಕಾವ್ಯ ಇದ್ದಳು. ಅವರಿಬ್ಬರು ಬದುಕಿದರು.

ಅಪ್ಪ ಆಗ ಹದಿನೇಳರ ಹುಡುಗ, ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದ. ಸುದ್ದಿ ಬಂದಾಗ ಕೈಯಲ್ಲಿದ್ದ ಬಸಿ ಒಡೆದು ಮಾಲೀಕರಿಂದ ಬೈಸಿಕೊಂಡನಂತೆ. ಮುಂದೆ ಆಟೋ ಕೊಂಡ ದಿನವೇ ಫೋಟೊ ಹಚ್ಚಿಸಿದ. ಹಚ್ಚಿಸಿ ಒಂದು ನೇಮ ಹಾಕಿಕೊಂಡ. ಹೊರ್ತಿ, ಝಳಕಿ ಕಡೆ ರಾತ್ರಿ ಬಾಡಿಗೆಗೆ ರೊಕ್ಕ ಹೆಚ್ಚು, ಆದರೂ ಕತ್ತಲಾದ ಮೇಲೆ ಹೆದ್ದಾರಿಗೆ ಇಳಿಯುವುದಿಲ್ಲ. ನಾವು ಸಣ್ಣವರಿದ್ದಾಗ ಇದಕ್ಕಾಗಿ ಅವ್ವ ಜಗಳ ತೆಗೆಯುತ್ತಿದ್ದಳು. ಅಪ್ಪನ ಉತ್ತರ ಒಂದೇ: “ಶಂಕರಣ್ಣನ ಮಗಳು ಎಷ್ಟ ಸಣ್ಣಾಕಿ ಇದ್ದಳು ಗೊತ್ತೈತಿಲ್ಲೋ?” ಅವ್ವನೂ ಸುಮ್ಮನಾಗುತ್ತಿದ್ದಳು.

ಮಗಳನ್ನು ಸಾಕಿ, ಗಾಯ ಮಾಸುವ ಮೊದಲೇ ರಂಗಕ್ಕೆ ಮರಳಿ, ಅರುಂಧತಿಯವರು 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ‘ರಂಗಶಂಕರ’ದ ಬಾಗಿಲು ತೆರೆದದ್ದು ನಿಮಗೆ ಗೊತ್ತೇ ಇದೆ. ಹೋದ ವರ್ಷ ಇಂಥದೇ ಬರಹಗಳ ದುಡ್ಡು ಕೂಡಿಸಿ ಅಪ್ಪನಿಗೆ ಅಲ್ಲೊಂದು ನಾಟಕ ತೋರಿಸಲು ಕರಕೊಂಡು ಹೋದೆ. ಬೇಕೆಂದೇ ಹುಬ್ಬಳ್ಳಿ, ದಾವಣಗೆರೆ ಮೇಲೆ ಹೋಗುವ ಬಸ್ಸು ಹಿಡಿದೆವು. ಆನಗೋಡು ಬಂದಾಗ ನಡುರಾತ್ರಿ. ಬಸ್ಸೆಲ್ಲ ಮಲಗಿತ್ತು. ಅಪ್ಪ ಮಾತ್ರ ಟೋಪಿ ತೆಗೆದು ಕಿಟಕಿಗೆ ಮುಖ ಹಚ್ಚಿ ಕುಂತಿದ್ದ.

ಬೆಂಗಳೂರಿನಲ್ಲಿ ಮೆಟ್ರೊ ಹತ್ತಿಸಿದೆ. ಡಬ್ಬಿಯ ಆ ತುದಿಯಿಂದ ಈ ತುದಿಯವರೆಗೆ ನಡೆದು ನೋಡಿ ಬಂದು, “ಎಲ್ಲ್ಯೂ ಫೋಟೊ ಹಚ್ಚಿಲ್ಲಲ್ಲೋ” ಅಂದ. ಜಯನಗರದಲ್ಲಿ ಇಳಿದು ಆಟೋಕ್ಕೆ ಕೈ ಮಾಡಿದೆವು. ಚಾಲಕ ಮೀಟರಿನ ಮೇಲೆ ಐವತ್ತು ಕೇಳಿದ. ಅಪ್ಪ ಹಿಂದಕ್ಕೆ ಹೋಗಿ ಬಗ್ಗಿ ನೋಡಿದ. ಅದೇ ಖಾಕಿ ಅಂಗಿ, ಅದೇ ನಗು!

“ಇವನ ಫೋಟೊ ಹಚ್ಚಿ ಐವತ್ತ ಹೆಚ್ಚಿಗಿ ಕೇಳತೀಯಲ್ಲೋ ತಮ್ಮಾ? ನಾನೂ ಆಟೋದಾಂವನ ಅದೀನಿ. ಒಂದ ಅದನ್ನ ತಗಿ, ಇಲ್ಲಾ ಮೀಟರ್ ಹಾಕು.”

ಚಾಲಕ ಒಂದು ಗಳಿಗೆ ಅಪ್ಪನ ಮುಖ ನೋಡಿದ. ಆಮೇಲೆ ನಕ್ಕು, ಮೀಟರ್ ಹಾಕಿ, “ಹತ್ತಿ ಯಜಮಾನ್ರೇ” ಅಂದ.