ಬೀಸೋಕಲ್ಲಿಗೆ ಪೀಠ, ಬೀಸಿದವಳಿಗೆ ಸೀರೆ

ಪೀಣ್ಯದ ನಮ್ಮ ವಠಾರದ ಹೆಂಗಸರೆಲ್ಲ ಸೇರಿ ಒಂದು ಭಾನುವಾರ ರಾಮನಗರದ ಜಾನಪದ ಲೋಕಕ್ಕೆ ಹೋಗಿದ್ದೆವು. ಎಚ್.ಎಲ್. ನಾಗೇಗೌಡರು 1994ರಲ್ಲಿ ಕಟ್ಟಿದ ಲೋಕ ಅದು. ನೇಗಿಲು, ಕೂರಿಗೆ, ಮೊರ, ಒನಕೆ, ಬೀಸೋಕಲ್ಲು... ಆ ಪುಣ್ಯಾತ್ಮರು ಕೂಡಿಡದಿದ್ದರೆ ಇವುಗಳಲ್ಲಿ ಎಷ್ಟೋ ಒಲೆ ಸೇರುತ್ತಿದ್ದವು. ನನ್ನ ತಕರಾರು ಅವರ ಮೇಲಲ್ಲ, ನೋಡಲು ಹೋಗುವ ನಮ್ಮ ಮೇಲೆ.

"ಎಷ್ಟು ಚೆನ್ನಾಗಿತ್ತಲ್ವೇನ್ರೀ ಆ ಕಾಲ!" ಎಂದರು ಒಬ್ಬರು.

"ಯಾರಿಗೆ ಚೆನ್ನಾಗಿತ್ತಕ್ಕಾ?" ಎಂದಳು ಗಾರ್ಮೆಂಟ್ಸ್‌ಗೆ ಹೋಗುವ ಕುಣಿಗಲ್ ಕಡೆಯ ಹೆಣ್ಣುಮಗಳು. "ನಮ್ಮಪ್ಪ ಎತ್ತು ಹೊಡೆಯೋನು, ಅಮ್ಮ ಹಿಂದೆ ನಡೀತಾ ಕೂರಿಗೆಗೆ ಬೀಜ ಬಿಡೋಳು. ಕಳೆ ಕೀಳೋದು, ಕೊಯ್ಯೋದು, ಕೇರೋದು, ಬೀಸೋದು ಎಲ್ಲಾ ಅವಳೇ. ಪಹಣೀಲಿ ಮಾತ್ರ ಅವಳ ಹೆಸರಿಲ್ಲ."

ಮಗಳ ಹೆಸರೂ ಇಲ್ಲ. ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿ ಬಂದಿದ್ದಾಳೆ. ಅಣ್ಣಂದಿರು ಅರಿಶಿನ ಕುಂಕುಮವಿಟ್ಟು ಸೀರೆ ಕೊಟ್ಟರಂತೆ.

ಜಾನಪದ ಲೋಕ ತೆರೆದ ಆ 1994ರಲ್ಲೇ, ಜುಲೈ ತಿಂಗಳಲ್ಲಿ, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಡುವ ಕಾನೂನು ಕರ್ನಾಟಕದಲ್ಲಿ ಜಾರಿಗೆ ಬಂತು. ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಅದು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ತಡೆಯನ್ನೂ ತೆಗೆಯಿತು. ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮವಾಗಿ ಪಾಲಾಗಿದ್ದರೆ ಮಾತ್ರ ಬೇರೆ ಮಾತು.

ಕಾನೂನು ಕೊಟ್ಟದ್ದನ್ನು "ತವರು ಬೇಕೋ, ಪಾಲು ಬೇಕೋ" ಎಂಬ ಒಂದೇ ಪ್ರಶ್ನೆ ಕಿತ್ತುಕೊಳ್ಳುತ್ತದೆ. ಅಣ್ಣನನ್ನು ಯಾರೂ ಹೀಗೆ ಕೇಳುವುದಿಲ್ಲ. "ನಿನ್ನ ಮದುವೆಗೆ ಖರ್ಚು ಮಾಡಿದ್ದೇವಲ್ಲ" ಎನ್ನುತ್ತಾರೆ. ಅವನ ಮದುವೆಗೂ ಖರ್ಚಾಯಿತಲ್ಲ, ಅದನ್ನು ಅವನ ಪಾಲಿನಲ್ಲಿ ಕಳೆದರೇ? "ಇರೋದೇ ಎರಡು ಎಕರೆ, ಹರಿದು ಹಂಚೋದೆಂತು" ಎನ್ನುತ್ತಾರೆ. ಮೂವರು ಗಂಡುಮಕ್ಕಳಿದ್ದಾಗ ಅದೇ ಎರಡು ಎಕರೆ ಹೇಗೋ ಮೂರಾಗುತ್ತದೆ!

ಈ ಮಾತನ್ನು ಆಡುವವರಲ್ಲಿ ನಾವೂ ಇದ್ದೇವೆ. ನಾದಿನಿಯ ಮುಂದೆ ಕಾಗದ ಇಟ್ಟಾಗ ಪೆನ್ನು ತಂದುಕೊಡುವವರು ಎಷ್ಟೋ ಸಲ ನಾವೇ.

ಬೀಸೋಕಲ್ಲಿನ ಪಕ್ಕ ಫೋಟೋ ತೆಗೆಸಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಮನೆಗೆ ಬಂದ ಮೇಲೆ ತವರಿನ ಪಹಣಿಯನ್ನೊಮ್ಮೆ ತೆಗೆಸಿ ನೋಡಿ. ನಾದಿನಿಗೂ ಅವಳ ತವರಿನದನ್ನು ತೋರಿಸಿ.