ಕಲೆಯಾದ ಹಲ್ಲು ಯಾರ ತಪ್ಪು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ, ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುವ ಹುಡುಗ ಹುಡುಗಿಯರನ್ನು ಕಾಣುವುದುಂಟು. ಅವರ ಹಲ್ಲುಗಳ ಮೇಲೆ ಕಂದು ಬಣ್ಣದ ಪಟ್ಟೆಗಳಿರುತ್ತವೆ. ಹಲ್ಲುಜ್ಜುವ ಅಭ್ಯಾಸವಿಲ್ಲವೆಂದು ಕಂಡವರು ತೀರ್ಪು ಕೊಟ್ಟುಬಿಡುತ್ತಾರೆ. ಈ ತೀರ್ಪು ಅನ್ಯಾಯವಾದುದಷ್ಟೇ ಅಲ್ಲ, ಅವೈಜ್ಞಾನಿಕವಾದುದೂ ಹೌದು.

ಇಲ್ಲಿಯ ನೆಲದಡಿ ಹರಡಿರುವುದು ಬಹುಮಟ್ಟಿಗೆ ಗ್ರಾನೈಟು ಮತ್ತು ನೈಸ್ ಶಿಲೆ. ಶಿಲೆಯ ಖನಿಜಗಳಲ್ಲಿರುವ ಫ್ಲೋರೈಡು ಬಿರುಕುಗಳಲ್ಲಿ ನಿಂತ ನೀರಿನಲ್ಲಿ ಕರಗುತ್ತದೆ. ಆದುದರಿಂದ ಹಲವು ಕೊಳವೆಬಾವಿಗಳಲ್ಲಿ ಅದರ ಪ್ರಮಾಣವು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರುತ್ತದೆ. ಎಳೆಯ ವಯಸ್ಸಿನಲ್ಲಿ, ಹಲ್ಲಿನ ಎನಾಮೆಲ್ ಪದರವು ದವಡೆಯೊಳಗೆ ರೂಪುಗೊಳ್ಳುತ್ತಿರುವಾಗಲೇ, ಕಲೆಗೆ ಬೀಜ ಬೀಳುತ್ತದೆ. ಅನಂತರ ಎಷ್ಟು ಉಜ್ಜಿದರೂ ಅದು ಹೋಗದು. ನೀರನ್ನು ಕುದಿಸಿಯೂ ಫಲವಿಲ್ಲ. ಆವಿಯಾಗುವುದು ನೀರೇ ಹೊರತು ಫ್ಲೋರೈಡಲ್ಲ. ಉಳಿದ ನೀರಿನಲ್ಲಿ ಅದರ ಸಾಂದ್ರತೆ ಇನ್ನೂ ಹೆಚ್ಚುತ್ತದೆ.

ನಮ್ಮ ದೇಶದಲ್ಲಿ ಈ ವ್ಯಾಧಿಯು 1937ರಲ್ಲಿ ಮದರಾಸು ಪ್ರಾಂತ್ಯದಿಂದ ವರದಿಯಾಯಿತು. ಬಳ್ಳಾರಿ ಜಿಲ್ಲೆಯೂ ಆಗ ಅದೇ ಪ್ರಾಂತ್ಯದಲ್ಲಿತ್ತು. 1973ರಲ್ಲಿ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಎಂಬ ವಿಜ್ಞಾನಿಗಳು, ಫ್ಲೋರೈಡು ಹೆಚ್ಚಿರುವ ಪ್ರದೇಶಗಳ ಕಿರಿಯರಲ್ಲಿ ಮಂಡಿಗಳು ಒಳಕ್ಕೆ ಬಾಗುವುದನ್ನು ವರ್ಣಿಸಿದರು. ಆಹಾರದಲ್ಲಿ ಕ್ಯಾಲ್ಸಿಯಂ ಸಾಲದ ಮಕ್ಕಳಲ್ಲಿ ಹಾನಿ ಹೆಚ್ಚೆಂಬುದೂ ತಿಳಿದುಬಂದಿದೆ.

ಎಂದಮೇಲೆ, ನೀರನ್ನು ಅಳೆದ ಮಾತ್ರಕ್ಕೆ ಸಂಶೋಧನೆ ಮುಗಿಯಿತೆ? ಮುಗಿಯದೆಂಬುದೇ ನನ್ನ ಅಭಿಪ್ರಾಯ. ಒಂದೇ ಊರಿನ ಎರಡು ಮಕ್ಕಳನ್ನು ಭಾವಿಸಿರಿ. ಒಂದಕ್ಕೆ ಶುದ್ಧೀಕರಿಸಿದ ನೀರನ್ನು ಕೊಂಡುತರುವ ಮನೆಯುಂಟು, ನಿತ್ಯ ಹಾಲುಂಟು. ಇನ್ನೊಂದು, ತಾಯಿಯೊಡನೆ ಹೊಲಕ್ಕೆ ಹೋಗಿ ಅಲ್ಲಿಯ ಕೊಳವೆಬಾವಿಯ ನೀರನ್ನೇ ಕುಡಿಯುತ್ತದೆ. ಶಿಲೆಯೊಂದೇ, ಫ್ಲೋರೈಡೊಂದೇ, ರೋಗದ ಪಾಲು ಮಾತ್ರ ಸಮನಲ್ಲ. ಈ ಅಸಮತೆಯನ್ನು ನೆಲ ಮಾಡಲಿಲ್ಲ, ನಾವು ಮಾಡಿದೆವು. ನೀರಿನ ಪೃಥಕ್ಕರಣದ ಪಟ್ಟಿಯಲ್ಲಿ ಮಗುವಿನ ಊಟ, ತಾಯಿಯ ಕೂಲಿ, ನಲ್ಲಿಗೂ ಮನೆಗೂ ಇರುವ ದೂರ ಇವೂ ಸೇರಬೇಕು. ತುಂಗಭದ್ರೆಯ ನೀರನ್ನು ಕೊಳವೆಗಳಲ್ಲಿ ತರುವ ಯೋಜನೆಗಳು ಒಳ್ಳೆಯವೇ. ಆದರೆ ಅವು ಊರಿನ ಕಡೆಯ ಓಣಿಯನ್ನು ಮುಟ್ಟಿದವೇ ಎಂಬುದೂ ವಿಜ್ಞಾನದ ಪ್ರಶ್ನೆಯೇ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಊರಿನ ಯಾವ ಬಾವಿಯ ನೀರು ಪರೀಕ್ಷಿತವಾಗಿದೆ, ಅದನ್ನು ಯಾರು ಕುಡಿಯುತ್ತಾರೆ ಎಂಬುದನ್ನು ಕೇಳಿ ಬರೆದಿಡಿರಿ. ಅದಕ್ಕೂ ಮೊದಲು, ಪಕ್ಕದಲ್ಲಿ ಕುಳಿತ ಗೆಳೆಯನ ಹಲ್ಲನ್ನು ಕಂಡು ನಗುವುದನ್ನು ಬಿಡಿರಿ. ಅವನು ಬಾಯಿಂದ ಕೈ ತೆಗೆದು ನಗುವಂತಾಗಲಿ.