ಶ್ರೇಯಾಂಕವೂ ವಿದ್ಯಾಲಯದ ಆಯ್ಕೆಯೂ

ದ್ವಿತೀಯ ಪಿಯುಸಿಯ ಫಲಿತಾಂಶವೂ ಸಿಇಟಿಯ ರ‍್ಯಾಂಕೂ ಪ್ರಕಟವಾಗಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಆಪ್ಷನ್ ಎಂಟ್ರಿಗೆ ಅವಕಾಶವನ್ನಿತ್ತ ದಿನದಿಂದ ನಮ್ಮ ನಾಡಿನ ಸಾವಿರಾರು ಮನೆಗಳಲ್ಲಿ ಒಂದೇ ಚರ್ಚೆ ನಡೆಯತೊಡಗುತ್ತದೆ: ಯಾವ ಕಾಲೇಜನ್ನು ಮೊದಲು ನಮೂದಿಸಬೇಕು, ಯಾವುದನ್ನು ಅನಂತರ? ಇದಕ್ಕೆ ಸಿದ್ಧ ಉತ್ತರವೊಂದು ಎಲ್ಲರ ಕೈಗೂ ಎಟಕುವಂತಿದೆ. ಶ್ರೇಯಾಂಕದ ಪಟ್ಟಿಯನ್ನು ತೆರೆದಿಟ್ಟುಕೊಂಡು ಮೇಲಿನಿಂದ ಕೆಳಕ್ಕೆ ಬರೆಯುತ್ತ ಹೋದರಾಯಿತು. ಆದರೆ ಮಕ್ಕಳ ಯೌವನದ ಅಮೂಲ್ಯ ವರ್ಷಗಳನ್ನೂ ತಮ್ಮ ಬಾಳಿನ ಉಳಿತಾಯವನ್ನೂ ಪಣವಾಗಿಡುವ ತಂದೆತಾಯಿಗಳು ಆ ಪಟ್ಟಿಯನ್ನು ಎಷ್ಟರಮಟ್ಟಿಗೆ ನೆಚ್ಚಬಹುದೆಂಬುದು ವಿಚಾರಾರ್ಹವಾದ ವಿಷಯ. ಶ್ರೇಯಾಂಕವು ನಿರರ್ಥಕವೆಂದು ನಾನು ಹೇಳಲಾರೆ. ಆ ಅಂಕಿಗಿಂತ ಅದರ ಹಿಂದಿರುವ ದಾಖಲೆಯೇ ನಮಗೆ ಹೆಚ್ಚು ಉಪಯುಕ್ತವೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೇಂದ್ರ ಸರಕಾರವು 2015ರಲ್ಲಿ ರೂಪಿಸಿದ, ಎನ್‌ಐಆರ್‌ಎಫ್ ಎಂದು ಪ್ರಸಿದ್ಧವಾಗಿರುವ ರಾಷ್ಟ್ರೀಯ ಶ್ರೇಯಾಂಕ ಪದ್ಧತಿಯ ಮೊದಲ ಪಟ್ಟಿಯು 2016ರಲ್ಲಿ ಹೊರಬಿದ್ದಿತು. ಎಂಜಿನಿಯರಿಂಗ್ ಸಂಸ್ಥೆಗಳ ವಿಷಯದಲ್ಲಿ ಅದು ನೂರು ಅಂಕಗಳನ್ನು ಹಂಚುವ ಕ್ರಮ ಹೀಗಿದೆ: ಬೋಧನೆ ಮತ್ತು ಅದಕ್ಕೆ ಬೇಕಾದ ಸಂಪನ್ಮೂಲಗಳಿಗೆ 30, ಸಂಶೋಧನೆಗೆ 30, ಪದವೀಧರರ ಸಾಧನೆಗೆ 20, ಮಹಿಳೆಯರಿಗೂ ದುರ್ಬಲ ವರ್ಗದವರಿಗೂ ಅನ್ಯಪ್ರಾಂತದವರಿಗೂ ಸಂಸ್ಥೆಯಲ್ಲಿ ದೊರೆತಿರುವ ಸ್ಥಾನಕ್ಕೆ 10, ವಿದ್ವಾಂಸರೂ ಉದ್ಯೋಗದಾತರೂ ಅದರ ವಿಷಯದಲ್ಲಿ ತಳೆದಿರುವ ಅಭಿಪ್ರಾಯಕ್ಕೆ 10. ಇವೆಲ್ಲವೂ ಒಂದು ವಿದ್ಯಾಸಂಸ್ಥೆಗೆ ಭೂಷಣಪ್ರಾಯವಾದ ಗುಣಗಳೇ. ಆದರೆ ಹದಿನೆಂಟರ ಹರೆಯದಲ್ಲಿ ಮೊದಲ ವರ್ಷದ ತರಗತಿಗೆ ಕಾಲಿಡುವ ಹುಡುಗನಿಗೆ ಗಣಿತವನ್ನು ಕಲಿಸುವವರಾರು, ಅರ್ಥವಾಗದೆ ಹೋದಾಗ ಮತ್ತೊಮ್ಮೆ ವಿವರಿಸುವ ತಾಳ್ಮೆ ಅವರಿಗುಂಟೆ ಎಂಬ ಪ್ರಶ್ನೆಗೆ ಸಂಶೋಧನ ಲೇಖನಗಳ ಸಂಖ್ಯೆಯಾಗಲಿ, ಪೇಟೆಂಟುಗಳ ಎಣಿಕೆಯಾಗಲಿ ಉತ್ತರವನ್ನು ಕೊಡುವುದಿಲ್ಲ.

ಒಂದು ಸಂಸ್ಥೆಯು ಅಗ್ರಸ್ಥಾನದಲ್ಲಿದ್ದ ಮಾತ್ರಕ್ಕೆ ಎಲ್ಲರಿಗೂ ಅದೇ ಶ್ರೇಷ್ಠವಾಗಲಾರದೆಂಬುದಕ್ಕೆ ದೂರ ಹೋಗಿ ನಿದರ್ಶನವನ್ನು ಹುಡುಕಬೇಕಾಗಿಲ್ಲ. ವಿಶ್ವವಿದ್ಯಾಲಯಗಳ ವಿಭಾಗದಲ್ಲಿ ಮೊದಲ ಪಟ್ಟಿಯಿಂದಲೂ ಪ್ರಥಮ ಸ್ಥಾನವನ್ನು ಕಾಯ್ದುಕೊಂಡು ಬಂದಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಇದು ನಾಡಿಗೆ ಹೆಮ್ಮೆಯ ಸಂಗತಿಯೇ ಸರಿ. ಆದರೆ ಅದು ಮುಖ್ಯವಾಗಿ ವಿಜ್ಞಾನ ಮತ್ತು ತಂತ್ರಜ್ಞಾನಗಳ ಸಂಶೋಧನೆಗೆ ಮೀಸಲಾದ ಸಂಸ್ಥೆ. ಕನ್ನಡ ಸಾಹಿತ್ಯವನ್ನು ವ್ಯಾಸಂಗ ಮಾಡಬೇಕೆಂಬ ಮಗಳಿಗೂ ನ್ಯಾಯವಾದಿಯಾಗಬೇಕೆಂಬ ಮಗನಿಗೂ ಅದರ ಅಗ್ರಸ್ಥಾನದಿಂದ ಆಗಬೇಕಾದುದೇನೂ ಇಲ್ಲ. ಸಂಸ್ಥೆಯ ಹಿರಿಮೆ ಒಂದು, ವಿದ್ಯಾರ್ಥಿಯ ಹಿತ ಮತ್ತೊಂದು. ಇವೆರಡೂ ಕೂಡಿಬರುವುದುಂಟು, ಕೂಡಿಬಂದೇ ತೀರಬೇಕೆಂಬ ನಿಯಮವಿಲ್ಲ.

ಇನ್ನು ಅಂಕಿಗಳ ಖಚಿತತೆಯ ವಿಚಾರ. ಶ್ರೇಯಾಂಕಕ್ಕೆ ಆಧಾರವಾದ ಮಾಹಿತಿಯ ಬಹುಭಾಗವನ್ನು ಒದಗಿಸತಕ್ಕವರು ಆಯಾ ಸಂಸ್ಥೆಗಳವರೇ. ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯವು ಅಲ್ಲಿನ ಪ್ರಸಿದ್ಧ ಪಟ್ಟಿಯೊಂದರಲ್ಲಿ ಎರಡನೆಯ ಸ್ಥಾನದಲ್ಲಿದ್ದಾಗ, ಅದೇ ವಿಶ್ವವಿದ್ಯಾಲಯದ ಗಣಿತದ ಪ್ರಾಧ್ಯಾಪಕ ಮೈಕೆಲ್ ಥಡಿಯಸ್ ಅವರು ತರಗತಿಗಳ ಗಾತ್ರವೇ ಮೊದಲಾದ ವಿಷಯಗಳಲ್ಲಿ ಸಲ್ಲಿಸಲಾದ ಅಂಕಿಗಳು ಸತ್ಯಕ್ಕೆ ಹೊಂದುವುದಿಲ್ಲವೆಂದು 2022ರಲ್ಲಿ ಬಹಿರಂಗವಾಗಿ ತೋರಿಸಿಕೊಟ್ಟರು. ಆ ವರ್ಷವೇ ಅದು ಹದಿನೆಂಟನೆಯ ಸ್ಥಾನಕ್ಕೆ ಇಳಿಯಿತು. ಅದೇ ಗ್ರಂಥಾಲಯ, ಅದೇ ಅಧ್ಯಾಪಕವೃಂದ, ಅದೇ ಪ್ರಯೋಗಶಾಲೆ. ಬದಲಾದುದು ಪಟ್ಟಿಯಲ್ಲಿನ ಅಂಕಿಯೊಂದೇ. ಆದುದರಿಂದ ಅರುವತ್ತನೆಯ ಸ್ಥಾನಕ್ಕೂ ಎಪ್ಪತ್ತನೆಯ ಸ್ಥಾನಕ್ಕೂ ನಡುವಿನ ಅಂತರವನ್ನು ಮಹಾವ್ಯತ್ಯಾಸವೆಂದು ಬಗೆದು, ಮಗುವಿಗೆ ಒಲವಿಲ್ಲದ ವಿಷಯವನ್ನೋ ಮನೆಗೆ ಭಾರವಾಗುವ ಸಾಲವನ್ನೋ ಹೊರಿಸುವುದು ವಿವೇಕವಲ್ಲ.

ಹೆಸರುವಾಸಿಯಾದ ಕಾಲೇಜಿಗೆ ದೊಡ್ಡ ಕಂಪನಿಗಳು ತಾವಾಗಿಯೇ ಬರುತ್ತವೆ, ಮೊದಲ ನೌಕರಿಯು ಅಲ್ಲಿ ಸುಲಭವಾಗಿ ದೊರೆಯುತ್ತದೆ ಎಂದು ವಾದಿಸುವವರುಂಟು. ಈ ಮಾತಿನಲ್ಲಿ ಸತ್ಯಾಂಶವಿದೆ. ಪಟ್ಟಿಯ ತುದಿಯಲ್ಲಿರುವ ಕೆಲವೇ ಸಂಸ್ಥೆಗಳ ವಿಷಯದಲ್ಲಂತೂ ಅದನ್ನು ಅಲ್ಲಗಳೆಯಲಾಗದು. ಆದರೆ ಆ ಕೆಲವಕ್ಕೆ ಪ್ರವೇಶ ದೊರೆಯುವುದು ಅತ್ಯಲ್ಪ ಮಂದಿಗೆ. ಉಳಿದ ಬಹುಸಂಖ್ಯಾತ ವಿದ್ಯಾರ್ಥಿಗಳು ಆರಿಸಿಕೊಳ್ಳಬೇಕಾದುದು ಪಟ್ಟಿಯ ನಡುವಿನಲ್ಲಿರುವ, ಇಲ್ಲವೆ ಪಟ್ಟಿಯಲ್ಲಿಯೇ ಇಲ್ಲದ ಕಾಲೇಜುಗಳಿಂದ.

ಇಂಥವರಿಗೆ ಶ್ರೇಯಾಂಕ ಪದ್ಧತಿಯು ಒಂದು ಮಹೋಪಕಾರವನ್ನು ಮಾಡಿದೆ. ವಿಷಾದವೆಂದರೆ ಅದನ್ನು ಬಳಸಿಕೊಳ್ಳುವವರು ವಿರಳ. ಎನ್‌ಐಆರ್‌ಎಫ್‌ಗೆ ಅರ್ಜಿ ಸಲ್ಲಿಸುವ ಪ್ರತಿಯೊಂದು ಸಂಸ್ಥೆಯೂ ತಾನು ಒಪ್ಪಿಸಿದ ವಿವರಗಳನ್ನು ತನ್ನ ಜಾಲತಾಣದಲ್ಲಿ ಸಾರ್ವಜನಿಕರ ಅವಗಾಹನೆಗೆ ತೆರೆದಿಡಬೇಕಾಗಿದೆ. ಮೊದಲ ವರ್ಷಕ್ಕೆ ಸೇರಿದವರೆಷ್ಟು, ಅವರಲ್ಲಿ ನಿಯತಕಾಲದೊಳಗೆ ಪದವಿಯನ್ನು ಪಡೆದವರೆಷ್ಟು, ಉದ್ಯೋಗಕ್ಕೆ ಹೋದವರೆಷ್ಟು, ಉನ್ನತ ವ್ಯಾಸಂಗಕ್ಕೆ ನಡೆದವರೆಷ್ಟು, ಶುಲ್ಕದಲ್ಲಿ ನೆರವು ದೊರೆತುದು ಎಷ್ಟು ಮಂದಿಗೆ ಎಂಬುದೆಲ್ಲ ಅಲ್ಲಿ ದೊರೆಯುತ್ತದೆ. ಹೆದ್ದಾರಿಯ ಬದಿಯ ಫಲಕಗಳಲ್ಲಿ ಮೆರೆಯುವುದು ಯಾರೋ ಒಬ್ಬನಿಗೆ ದೊರೆತ ಪರಮಾವಧಿ ಸಂಬಳ. ಈ ದಾಖಲೆಯಲ್ಲಿರುವುದಾದರೋ ಎಲ್ಲರ ಸಂಬಳಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ನಿಲ್ಲುವ ಮೊತ್ತ. ಸಾಮಾನ್ಯ ವಿದ್ಯಾರ್ಥಿಯ ಭವಿಷ್ಯವನ್ನು ಅಂದಾಜು ಮಾಡಲು ಇದಕ್ಕಿಂತ ಪ್ರಾಮಾಣಿಕವಾದ ಸೂಚನೆ ಮತ್ತೊಂದಿಲ್ಲ. ಅಧ್ಯಾಪಕರ ಪಟ್ಟಿಯೂ ಅವರ ವಿದ್ಯಾರ್ಹತೆಯೂ ಅನುಭವವೂ ಅಲ್ಲಿಯೇ ಇರುವುದರಿಂದ, ವರ್ಷವರ್ಷವೂ ಅಧ್ಯಾಪಕರು ಬಿಟ್ಟುಹೋಗುವ ಕಾಲೇಜು ಯಾವುದು, ನೆಲೆನಿಂತು ಕಲಿಸುವವರಿರುವ ಕಾಲೇಜು ಯಾವುದೆಂಬುದನ್ನೂ ತಿಳಿಯಬಹುದು.

ಕಾಗದದಲ್ಲಿ ಕಂಡುದನ್ನು ಕಣ್ಣಾರೆ ನೋಡಿಯೂ ಪರಾಂಬರಿಸಬೇಕು. ಜಾತ್ರೆಯಲ್ಲಿ ಎತ್ತುಗಳನ್ನು ಕೊಳ್ಳುವ ರೈತನು ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿದ ಮೇಲಲ್ಲದೆ ಹಣ ಎಣಿಸುವುದಿಲ್ಲ. ಮಗುವಿನ ವಿದ್ಯೆಯ ವಿಷಯದಲ್ಲಿ ನಾವು ಅಷ್ಟು ಎಚ್ಚರವನ್ನಾದರೂ ತೋರಬೇಡವೆ? ಎರಡನೆಯ, ಮೂರನೆಯ ವರ್ಷದ ವಿದ್ಯಾರ್ಥಿಗಳನ್ನು ಮಾತನಾಡಿಸಿ, ಪಾಠಗಳು ಕ್ರಮವಾಗಿ ನಡೆಯುತ್ತವೆಯೆ, ಪ್ರಯೋಗಾಲಯದ ಉಪಕರಣಗಳನ್ನು ಮಕ್ಕಳ ಕೈಗೆ ಕೊಡುತ್ತಾರೆಯೆ, ಹಾಸ್ಟೆಲಿನ ವ್ಯವಸ್ಥೆ ಹೇಗಿದೆ, ಕನ್ನಡ ಮಾಧ್ಯಮದಿಂದ ಬಂದವರಿಗೆ ಆರಂಭದ ತಿಂಗಳುಗಳಲ್ಲಿ ಯಾರಾದರೂ ಕೈಹಿಡಿದು ನಡೆಸುವರೆ ಎಂದು ಕೇಳಿದರೆ, ಯಾವ ಪಟ್ಟಿಯೂ ಹೇಳಲಾರದ ಸಂಗತಿಗಳು ತಿಳಿದುಬರುತ್ತವೆ.

ವಿದ್ಯಾಲಯದ ಜೀವಾಳವಿರುವುದು ಗುರುಶಿಷ್ಯರ ಸಂಬಂಧದಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಟಿ. ಎಸ್. ವೆಂಕಣ್ಣಯ್ಯನವರ ಶಿಷ್ಯರಾಗಿದ್ದ ಕುವೆಂಪು ಅವರು ತಮ್ಮ ಮಹಾಕೃತಿಯಾದ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಆ ಗುರುವಿಗೇ ಅರ್ಪಿಸಿದರು. ಅಂಥ ಒಬ್ಬ ಅಧ್ಯಾಪಕನಿರುವ ಕಾಲೇಜು ಪಟ್ಟಿಯಲ್ಲಿ ಎಲ್ಲಿದ್ದರೇನು? ನಮ್ಮ ತಾಲ್ಲೂಕು ಕೇಂದ್ರಗಳ ಸರಕಾರಿ ಕಾಲೇಜುಗಳಲ್ಲಿಯೂ ಅಂಥವರು ಇದ್ದಾರೆ; ಅವರನ್ನು ಹುಡುಕುವ ಶ್ರಮವನ್ನು ನಾವು ವಹಿಸಬೇಕು.

ಈ ಶ್ರಮವನ್ನು ಹಗುರಗೊಳಿಸುವ ಹೊಣೆ ಸರಕಾರದ ಮೇಲೆಯೂ ಇದೆ. ಮನೆಯಲ್ಲಿ ಮೊತ್ತಮೊದಲು ಕಾಲೇಜಿನ ಮೆಟ್ಟಿಲನ್ನು ಹತ್ತುವ ಮಗುವಿನ ತಂದೆತಾಯಿಗಳು ಇಂಗ್ಲಿಷಿನಲ್ಲಿರುವ ಕೋಷ್ಟಕಗಳನ್ನು ಜಾಲತಾಣಗಳಲ್ಲಿ ಅರಸಿ ಓದಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆಪ್ಷನ್ ಎಂಟ್ರಿಯ ಪುಟದಲ್ಲಿ ಪ್ರತಿಯೊಂದು ಕಾಲೇಜಿನ ಹೆಸರಿನೊಡನೆಯೇ, ಸಕಾಲದಲ್ಲಿ ತೇರ್ಗಡೆಯಾದವರ ಪ್ರಮಾಣ, ನಡುವಿನ ಸಂಬಳ, ಖಾಯಂ ಅಧ್ಯಾಪಕರ ಸಂಖ್ಯೆ ಈ ಮೂರನ್ನು ಪರೀಕ್ಷಾ ಪ್ರಾಧಿಕಾರವು ಪರಿಶೀಲಿಸಿ, ತಿಳಿಗನ್ನಡದಲ್ಲಿ ಪ್ರಕಟಿಸಲಿ. ಅಷ್ಟಾದರೆ ಶ್ರೇಯಾಂಕವು ತನಗೆ ಸಲ್ಲತಕ್ಕ ಸ್ಥಾನಕ್ಕೆ ಬಂದು ನಿಲ್ಲುತ್ತದೆ. ಮಗುವಿನ ಅಭಿರುಚಿಯನ್ನೂ ಮನೆಯ ಶಕ್ತಿಯನ್ನೂ ಬಲ್ಲ ತಂದೆತಾಯಿಗಳು ನಿರ್ಧಾರವನ್ನು ತಾವೇ ಧೈರ್ಯವಾಗಿ ಕೈಗೊಳ್ಳಬಲ್ಲರು.